ಅಕ್ಕನ ಹೆಸರಿನ ಚೀಟಿ

ಹುತ್ತೂರು
9 ಜೂನ್ 2025

ಅಕ್ಕ,

ನಿನಗೆ ಪತ್ರ ಬರೆದು ಎಷ್ಟು ವರ್ಷವಾಯಿತೋ. ನಿನ್ನ ಮದುವೆಯಾದ ಹೊಸದರಲ್ಲಿ ಅಪ್ಪ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಈಗ ಕೈ ತಿರುಗುತ್ತಿಲ್ಲ, ಅಕ್ಷರ ನೋಡಿ ನಗಬೇಡ. ಫೋನಿನಲ್ಲಿ ಹೇಳೋಣವೆಂದರೆ ಇಲ್ಲಿ ಧನಶ್ರೀ ಪಕ್ಕದಲ್ಲೇ ಇರುತ್ತಾಳೆ, ಹೆಂಡತಿಯ ಎದುರು ಇದೆಲ್ಲ ಆಡಲಾಗುವುದಿಲ್ಲ. ಅಲ್ಲಿ ನೀನು ಸ್ಪೀಕರ್ ಹಾಕಿ ಫೋನನ್ನು ಕಟ್ಟೆಯ ಮೇಲಿಟ್ಟು ಸಾಂಬಾರು ಕದಡುತ್ತಿರುತ್ತೀಯ. ನನ್ನ ಸಮಾಚಾರ ಲಕ್ಕೂರು ಶಾಲೆಯ ಅಡುಗೆಮನೆಗೆಲ್ಲ ಕೇಳಿಸುತ್ತದೆ.

ವಿಷಯ ಇಷ್ಟೇ. ನಿನ್ನ ಮಂಡಿನೋವಿಗೆ ಮಾಲೂರಿನ ಡಾಕ್ಟರ್ ಬರೆದುಕೊಟ್ಟ ಚೀಟಿಯಿದೆಯಲ್ಲ, ಆ ಟ್ರಮಡಾಲ್ ಮಾತ್ರೆಯದು, ಹೊಸದೊಂದು ಬೇಕು. ನನ್ನ ಹತ್ತಿರ ಇರುವುದು ಹೋದ ವರ್ಷದ್ದು, ಮೆಡಿಕಲ್ ಸ್ಟೋರಿನವರು ತಾರೀಖು ನೋಡಿ ತಕರಾರು ಮಾಡುತ್ತಿದ್ದಾರೆ. ರೇಷ್ಮೆಹುಳು ಮೂರನೇ ಸಲ ಪೊರೆ ಬಿಟ್ಟು ಎದ್ದಿವೆ. ಇನ್ನು ಹತ್ತು ಹನ್ನೆರಡು ದಿನ ಹೊತ್ತುಹೊತ್ತಿಗೆ ಸೊಪ್ಪು ಕೊಯ್ಯಬೇಕು, ಹೊರಬೇಕು, ಹಾಕಬೇಕು. ಮಾತ್ರೆ ಇಲ್ಲದಿದ್ದರೆ ಈ ಸೊಂಟ ಬಗ್ಗುವುದಿಲ್ಲ.

ಈ ಬೆಳೆಯೊಂದು ಮುಗಿಯಲಿ, ನಿಲ್ಲಿಸಿಬಿಡುತ್ತೇನೆ. ಧನಶ್ರೀಗೆ ಮಾತ್ರ ಹೇಳಬೇಡ.

ನಿನ್ನ ತಮ್ಮ
ಕದಿರೇಶ


ಲಕ್ಕೂರು
15 ಜೂನ್ 2025

ಲೇ ಕದಿರೇಶ,

ನಿನ್ನ ಪತ್ರ ಓದಿ ಮೈಯೆಲ್ಲ ಉರಿದುಹೋಯಿತು. ಈ ಬೆಳೆ ಮುಗಿಯಲಿ ಅಂತೀಯಲ್ಲ, ಹೋದ ದೀಪಾವಳಿಯಲ್ಲೂ ಇದೇ ಮಾತು ಹೇಳಿದ್ದೆ. ಅಲ್ಲಿಂದ ಇಲ್ಲಿಗೆ ಎಷ್ಟು ಬೆಳೆ ಮುಗಿದವು? ಹುಳು ಗೂಡು ಕಟ್ಟಿ ಮಾರ್ಕೆಟ್ಟಿಗೆ ಹೋಗುತ್ತವೆ, ನೀನು ಮಾತ್ರ ಇದ್ದ ಜಾಗದಲ್ಲೇ ಇದ್ದೀಯ.

ತಪ್ಪು ನನ್ನದೂ ಇದೆ. ಎರಡು ವರ್ಷದ ಹಿಂದೆ ನೀನು ಸೊಪ್ಪಿನ ಹೊರೆ ಸಮೇತ ಜಾರಿ ಬಿದ್ದಾಗ, ನೋಡಲು ಬಂದವಳು ನನ್ನ ಬ್ಯಾಗಿನಿಂದ ಒಂದು ಶೀಟು ತೆಗೆದು ಕೊಟ್ಟೆ. ನಮ್ಮ ಮನೆಯಲ್ಲಿ ಯಾವತ್ತೂ ಹಾಗೇ ಅಲ್ಲವಾ, ಒಬ್ಬರ ಮಾತ್ರೆ ಇನ್ನೊಬ್ಬರಿಗೆ, ಒಬ್ಬರ ಕನ್ನಡಕ ಇನ್ನೊಬ್ಬರಿಗೆ. ಚೀಟಿಯನ್ನೂ ನಾನೇ ಕೊಟ್ಟೆ. ಅದು ನಾಲ್ಕು ದಿನದ ಮಾತು ಅಂದುಕೊಂಡಿದ್ದೆ ಕಣೋ.

ನಾನೂ ಮೂರು ವರ್ಷದಿಂದ ಅದನ್ನೇ ನುಂಗುತ್ತಿದ್ದೇನೆ. ಇನ್ನೂರು ಮಕ್ಕಳ ಅನ್ನದ ಪಾತ್ರೆ ಇಳಿಸಬೇಕಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು, ಡಾಕ್ಟರ್ ಹೇಳಿದಷ್ಟೇ. ನನಗೇನಾಗಿದೆ? ಮಿತಿಯಲ್ಲಿರಬೇಕು ಅಷ್ಟೇ. ನಿನಗೆ ಮಿತಿ ಇಲ್ಲ. ಏಪ್ರಿಲ್‌ನಲ್ಲಿ ಬಂದಿದ್ದಾಗ ಊಟಕ್ಕೆ ಮುಂಚೆ ಎರಡು, ಬಸ್ಸು ಹತ್ತುವಾಗ ಎರಡು ಬಾಯಿಗೆ ಹಾಕಿಕೊಂಡಿದ್ದನ್ನು ನಾನು ನೋಡಿಲ್ಲ ಅಂದುಕೊಂಡಿದ್ದೀಯಾ?

ಚೀಟಿ ಕಳಿಸುವುದಿಲ್ಲ. ಕೋಲಾರದ ದೊಡ್ಡಾಸ್ಪತ್ರೆಗೆ ಹೋಗು. ಡಾಕ್ಟರ್ ಮುಂದೆ ಕೂತು, ಸ್ವಾಮಿ ನನಗೆ ಈ ಮಾತ್ರೆ ಬಿಡಲು ಆಗುತ್ತಿಲ್ಲ ಅಂತ ಬಾಯಿ ಬಿಟ್ಟು ಹೇಳು. ಅದಕ್ಕೇನು ಶಾಸ್ತ್ರ ಓದಬೇಕಾ? ಹೋಗಿಬಂದು ಬರಿ. ಅಲ್ಲಿಯವರೆಗೆ ನನ್ನ ಹತ್ತಿರ ಮಾತಿಲ್ಲ.

ಭಾರತಮ್ಮ


ಹುತ್ತೂರು
2 ಜುಲೈ 2025

ಅಕ್ಕ,

ನೀನು ಹೇಳಿದ ಹಾಗೆ ಸೋಮವಾರ ಕೋಲಾರಕ್ಕೆ ಹೋಗಿಬಂದೆ. ಡಾಕ್ಟರ್ ಹೆಸರು ಉಮಾಶಂಕರ್. ಒಳ್ಳೆಯವರು. ಎಲ್ಲ ವಿಚಾರಿಸಿದರು. ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡಬೇಕು ಅಂದರು. ಮತ್ತೆ ಬರಲು ಹೇಳಿದ್ದಾರೆ.

ಗೂಡು ಚೆನ್ನಾಗಿ ಬಂತು. ಶನಿವಾರ ಹೊಸ ಹುಳು ತರುತ್ತೇವೆ. ನಿನ್ನ ಮಂಡಿ ಹೇಗಿದೆ?

ಕದಿರೇಶ


ಲಕ್ಕೂರು
17 ಜುಲೈ 2025

ಕದಿರೇಶ,

ನಿನ್ನನ್ನು ತಮ್ಮ ಅಂತ ಕರೆಯಲು ನಾಲಿಗೆ ಏಳುತ್ತಿಲ್ಲ.

ನಿನ್ನೆ ಹನ್ನೊಂದು ಗಂಟೆಗೆ, ಅನ್ನ ಬಸಿಯುವ ಹೊತ್ತಿಗೆ ಫೋನ್ ಬಂತು. ಗೊತ್ತಲ್ಲ, ಸ್ಪೀಕರ್ ಹಾಕಿದೆ. ಆ ಕಡೆಯಿಂದ ಒಬ್ಬ ಹುಡುಗಿ ತುಂಬಾ ಮರ್ಯಾದೆಯಿಂದ ಕೇಳಿದಳು, "ಭಾರತಮ್ಮ ಅವರಾ? ನಾನು ಕೋಲಾರ ಆಸ್ಪತ್ರೆಯಿಂದ ಶಿವಾನಿ, ಕೌನ್ಸೆಲರ್. ಈಗ ಮಾತಾಡಬಹುದಾ?" ನಾನೇ ಮಹಾರಾಣಿಯ ಹಾಗೆ, "ಮಾತಾಡಮ್ಮ, ಇಲ್ಲೆಲ್ಲ ನಮ್ಮವರೇ" ಅಂದೆ. ನನ್ನ ಮಂಡಿ ಹೇಗಿದೆ ಅಂತ ಕೇಳಿದ್ದೆಯಲ್ಲ, ಆಸ್ಪತ್ರೆಯಲ್ಲಿ ನನಗೆ ಮಂಡಿ ಡಾಕ್ಟರ್ ಗೊತ್ತುಮಾಡಿದ್ದೀಯೇನೋ ಅಂದುಕೊಂಡೆ, ನನ್ನ ಬುದ್ಧಿಗೆ ಬೆಂಕಿ ಬೀಳ.

"ನೀವು ನೋವಿನ ಮಾತ್ರೆ ಬಿಡೋಕೆ ಕಷ್ಟಪಡ್ತಿದ್ದೀರಿ ಅಂತ ನಿಮ್ಮ ತಮ್ಮ ಬಂದು ಹೇಳಿದ್ರು. ದಿನಕ್ಕೆ ಹನ್ನೆರಡು ಅಂತ ಬರೆದಿದೆ. ಹೆದರ್ಕೋಬೇಡಿ ಅಮ್ಮ, ಒಂದ್ಸಲ ಬನ್ನಿ."

ನನ್ನ ಜೊತೆಯ ಅಡುಗೆಯವಳು ಅಂಜಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅಕ್ಕಿ ಅಳೆದುಕೊಡಲು ಬಂದಿದ್ದ ಮೇಷ್ಟ್ರು ಬಾಗಿಲಲ್ಲೇ ಇದ್ದರು. ಮಧ್ಯಾಹ್ನದೊಳಗೆ ಹೆಡ್‌ಮಾಸ್ಟರಿಗೆ ಗೊತ್ತಾಯಿತು. ಕರೆದು ಕೂರಿಸಿ, "ಮಕ್ಕಳ ಅಡುಗೆ ವಿಷಯ ಭಾರತಮ್ಮ, ನಾಳೆ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ? ಹಂಗೇನಿಲ್ಲ ಅಂತ ಡಾಕ್ಟರ್ ಹತ್ರ ಬರೆಸ್ಕೊಂಡು ಬನ್ನಿ" ಅಂದರು. ಹದಿನಾಲ್ಕು ವರ್ಷ ಅಲ್ಲಿ ಬೆಂದಿದ್ದೇನೆ ಕದಿರೇಶ, ಒಂದು ದಿನ ಒಂದು ಮಗುವಿನ ಹೊಟ್ಟೆ ಕೆಟ್ಟಿಲ್ಲ.

ಡಾಕ್ಟರ್ ಮುಂದೆ ಬಾಯಿ ಬಿಟ್ಟು ಹೇಳು ಅಂದರೆ, ನನ್ನ ಹೆಸರು ಹೇಳಿ ಬಂದೆಯಾ? ನಿನ್ನ ನಂಬರು ಫೋನಿನಲ್ಲಿ ಬ್ಲಾಕ್ ಮಾಡಿಸಿದ್ದೇನೆ. ಇನ್ನೊಂದು ಕೇಳಿಕೋ. ನಾನು ಎಂಥವಳು ಅಂತ ಊರಿಗೇ ತೋರಿಸುತ್ತೇನೆ. ಡಬ್ಬಿಯಲ್ಲಿದ್ದ ಮಾತ್ರೆಯನ್ನೆಲ್ಲ ನಿನ್ನೆ ಸಂಜೆ ಅಂಜಮ್ಮನ ಎದುರಿಗೇ ಚರಂಡಿಗೆ ಸುರಿದೆ. ಮಂಡಿ ಮುರಿದುಬೀಳಲಿ, ಇನ್ನು ಒಂದೂ ಮುಟ್ಟುವುದಿಲ್ಲ.

ಭಾರತಮ್ಮ


ಹುತ್ತೂರು
18 ಜುಲೈ 2025

ಅಕ್ಕ,

ನಿನ್ನೆಯಿಂದ ನಿನ್ನ ಫೋನ್ ಹೋಗುತ್ತಿಲ್ಲ. ಅಂಜಮ್ಮನಿಗೆ ಮಾಡಿದೆ, "ನಿಮ್ಮಕ್ಕನ ಮಾನ ತೆಗೆದ್ಯಲ್ಲಪ್ಪ" ಅಂತ ಹೇಳಿ ಇಟ್ಟುಬಿಟ್ಟಳು. ಏನಾಗಿದೆ ಅಂತ ಗೊತ್ತಾಯಿತು. ಇದನ್ನು ನಾನೇ ಮೊದಲು ಹೇಳಬೇಕಿತ್ತು.

ಅವತ್ತು ಆಸ್ಪತ್ರೆಗೆ ಹೋಗಿದ್ದು ನಿಜ. ನನಗೆ ಅಂತ ಹೇಳುವುದಕ್ಕೇ ಹೋಗಿದ್ದೆ. ಒಳಗೆ ಕೂತ ಮೇಲೆ ಡಾಕ್ಟರ್, "ಯಾರಿಗೆ?" ಅಂದರು. ಕೈಯಲ್ಲಿ ನಿನ್ನ ಚೀಟಿಯಿತ್ತು. ಭಾರತಮ್ಮ, ನಲವತ್ತೊಂಬತ್ತು ವರ್ಷ, ಹೆಣ್ಣು. ಬಾಯಿ ತಾನಾಗಿ, "ನಮ್ಮಕ್ಕನಿಗೆ ಸಾರ್" ಅಂದಿತು. ಒಂದು ವರ್ಷದಿಂದ ಎಲ್ಲ ಮೆಡಿಕಲ್ ಸ್ಟೋರಿನಲ್ಲೂ ಅದನ್ನೇ ಹೇಳಿಹೇಳಿ ರೂಢಿಯಾಗಿದೆ ಅಕ್ಕ. ಕೋಲಾರದಲ್ಲಿ ಎರಡು ಅಂಗಡಿ, ಶ್ರೀನಿವಾಸಪುರದಲ್ಲಿ ಒಂದು, ಮುಳಬಾಗಿಲಿನಲ್ಲಿ ಒಂದು. ಅಲ್ಲೂ ಆಗದಿದ್ದರೆ ನಂಗಲಿಯವರೆಗೆ ಬೈಕಿನಲ್ಲಿ ಹೋಗುತ್ತೇನೆ. ನಂಗಲಿಯವನು ನನ್ನನ್ನು ಕಂಡ ತಕ್ಷಣ, "ಏಮನ್ನಾ, ಅಕ್ಕಕು ಇಂಕಾ ತಗ್ಗಲೇದಾ?" ಅನ್ನುತ್ತಾನೆ. ಅಕ್ಕನಿಗೆ ಇನ್ನೂ ವಾಸಿಯಾಗಿಲ್ಲವಾ ಅಂತ. ಇಲ್ಲ ಅಂತ ತಲೆಯಾಡಿಸಿ ತರುತ್ತೇನೆ.

ಹನ್ನೆರಡು ನನ್ನ ಲೆಕ್ಕ. ಅದೊಂದು ಮಾತ್ರ ಅವರಿಗೆ ನಿಜ ಹೇಳಿದ್ದು. ಡಾಕ್ಟರ್ ಪೆನ್ನು ಕೆಳಗಿಟ್ಟು, "ಹನ್ನೆರಡು ತಗೊಂಡು ಅಡುಗೆ ಮಾಡ್ತಾರಾ ನಿಮ್ಮಕ್ಕ? ಕಾಣದೆ ಇರೋರಿಗೆ ನಾನು ಔಷಧಿ ಬರೆಯಲ್ಲ, ಕರ್ಕೊಂಡ್ಬನ್ನಿ" ಅಂದರು. ಹೊರಗೆ ಫೋನ್ ನಂಬರ್ ಕೇಳಿದಾಗ ನನ್ನದೇ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ನನಗೆ ಬಾಯಿಪಾಠ ಇರುವುದು ನಿನ್ನದೊಂದೇ ನಂಬರು. ಅದೇ ಬಂತು.

ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಮೇ ತಿಂಗಳಲ್ಲಿ ಹುಳುಮನೆಯಲ್ಲಿ ನನಗೆ ಫಿಟ್ಸ್ ಬಂದು ಬಿದ್ದೆ. ಧನಶ್ರೀ ಸೊಪ್ಪಿಗೆ ಹೋಗಿದ್ದಳು. ನಾಲಿಗೆ ಕಚ್ಚಿಕೊಂಡಿದ್ದಕ್ಕೆ ಬಿಸಿ ಕಾಫಿ ಅಂತ ಸುಳ್ಳು ಹೇಳಿದೆ. ಈ ಮಾತ್ರೆ ಜಾಸ್ತಿಯಾದರೆ ಫಿಟ್ಸ್ ಬರುತ್ತದೆ ಅಂತ ಡಾಕ್ಟರೇ ಅಂದರು, "ನಿಮ್ಮಕ್ಕನಿಗೆ ಹೇಳಿ" ಅಂತ. ಒಮ್ಮೆಲೇ ನಿಲ್ಲಿಸಲೂಬಾರದಂತೆ, ಮೈ ತಡೆಯುವುದಿಲ್ಲವಂತೆ. ನಾನೂ ಎರಡು ಸಲ ನಿಲ್ಲಿಸಿ ನೋಡಿದ್ದೇನೆ. ಮೂರನೇ ದಿನ ನಾನು ಮನುಷ್ಯನೇ ಅಲ್ಲ.

ನಿನ್ನ ಹೆಸರು ಕೆಡಿಸಿದ್ದೇನೆ. ಬೈಯಿ. ಆದರೆ ಫೋನ್ ತೆಗಿ.

ಕದಿರೇಶ


ಲಕ್ಕೂರು
20 ಜುಲೈ 2025

ಕದಿರೇಶ,

ನಿನ್ನದೊಂದು ಪತ್ರ ಬಂದಿದೆ. ಒಡೆದಿಲ್ಲ. ನೀನು ಅಳುವುದನ್ನು ಓದುವಷ್ಟು ಪುರುಸೊತ್ತು ನನಗಿಲ್ಲ. ನೀನು ಮಾಡಬೇಕಾದ್ದು ಒಂದೇ, ಆ ಆಸ್ಪತ್ರೆಗೆ ಹೋಗಿ ನನ್ನ ಹೆಸರು ತೆಗೆಸಿ, ಅದು ನಾನಲ್ಲ ಅಂತ ಡಾಕ್ಟರ್ ಕೈಲಿ ಬರೆಸಿ ಕಳಿಸು.

ನಾನು ಮೂರು ದಿನದಿಂದ ಕೆಲಸಕ್ಕೆ ಹೋಗಿಲ್ಲ. ಜ್ವರ. ಅದೂ ಎಂಥ ಜ್ವರವೋ, ಮೈ ಮುಟ್ಟಿದರೆ ಬಿಸಿಯಿಲ್ಲ, ಬೆವರು ಮಾತ್ರ ಕಿತ್ತುಕೊಂಡು ಬರುತ್ತಿದೆ. ಈರುಳ್ಳಿ ಹೆಚ್ಚಿದ ಹಾಗೆ ಕಣ್ಣು ಮೂಗು ಸೋರುತ್ತಿವೆ. ಆಕಳಿಕೆ ಬಂದು ಬಂದು ದವಡೆ ನೋಯುತ್ತಿದೆ. ಕಾಲು ಒಂದು ಕಡೆ ಇಡಲು ಆಗುತ್ತಿಲ್ಲ, ಹೊಟ್ಟೆ ಕೆಟ್ಟಿದೆ. ಊರಿನ ಡಾಕ್ಟರ್ ಒಂದು ಬಾಟಲು ಗ್ಲುಕೋಸ್ ಹಾಕಿ ವೈರಲ್ ಅಂದ. ಅಂಜಮ್ಮ ಚಿಕುನ್‌ಗುನ್ಯ ಅಂತಾಳೆ. ನಾನಂತೂ ಇದು ನಿನ್ನ ಮೇಲಿನ ಹೊಟ್ಟೆಯುರಿ ಅಂತೀನಿ. ಅಕ್ಷರ ಸೊಟ್ಟಗಿದ್ದರೆ ಕೈ ನಡುಗುತ್ತಿದೆ ಅಂತ ತಿಳಿದುಕೋ.

ಮಾತ್ರೆ ಮುಟ್ಟಿಲ್ಲ. ನಾಲ್ಕು ದಿನವಾಯಿತು. ನೋಡಿ ಕಲಿ.

ಭಾರತಮ್ಮ


ಕೋಲಾರ, ಆಸ್ಪತ್ರೆಯ ವಾರ್ಡು
24 ಜುಲೈ 2025

ಅಕ್ಕ,

ನಿನ್ನ ಪತ್ರ ನಿನ್ನೆ ಬೆಳಿಗ್ಗೆ ಸಿಕ್ಕಿತು. ಅಂಗಳದಲ್ಲಿ ನಿಂತು ಓದಿದೆ. ಆಕಳಿಕೆ ಅನ್ನುವಲ್ಲಿಗೆ ಬಂದಾಗ ಮೇಲಿನಿಂದ ಮತ್ತೆ ಓದಿದೆ. ಅಕ್ಕ, ಅದು ಜ್ವರ ಅಲ್ಲ. ನೀನು ಒಡೆಯದೆ ಇಟ್ಟ ಪತ್ರದಲ್ಲಿ ನನ್ನ ಮೂರನೇ ದಿನ ಅಂತ ಬರೆದಿದ್ದೆ, ಅದೇ ಅದು. ಬೆವರು, ಮೂಗು, ಕಾಲು, ಹೊಟ್ಟೆ, ಒಂದೂ ಬಿಡದೆ ನಾನು ಅನುಭವಿಸಿದ್ದನ್ನೇ ನೀನು ಬರೆದಿದ್ದೀಯ. ದಿನಕ್ಕೆ ಎರಡೇ ಆದರೂ ಮೂರು ವರ್ಷವಾಗಿದೆ, ನಿನ್ನ ಮೈ ಅದಕ್ಕೆ ಒಗ್ಗಿಹೋಗಿದೆ. ನಾನು ಹೇಳಿದ ಸುಳ್ಳೇ ನಿಜವಾಗಿ ಕೂತಿದೆ.

ನಿನ್ನೆ ಹುಳು ಹಣ್ಣಾಗಿ ಗೂಡು ಕಟ್ಟಲು ಏಳುವ ದಿನ. ನಿನಗೆ ಗೊತ್ತು, ಅವತ್ತು ಮನೆಯಲ್ಲಿ ಹೆಣ ಬಿದ್ದರೂ ಯಾರೂ ಏಳುವುದಿಲ್ಲ. ಹಣ್ಣಾದ ಹುಳುವನ್ನು ಆಯ್ದು ಆಯ್ದು ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ತಟ್ಟೆಯಲ್ಲೇ ಗೂಡು ಕಟ್ಟಿ ಹಾಳಾಗುತ್ತವೆ. ಅಂಥ ಹೊತ್ತಿನಲ್ಲಿ ನಾನು ಕೈ ತೊಳೆದು ಧನಶ್ರೀಗೆ ಎಲ್ಲ ಹೇಳಿದೆ. ಮದುವೆಯಾದಾಗಿನಿಂದ ಬಹುವಚನದಲ್ಲೇ ಮಾತಾಡಿಸಿದವಳು, "ಹೋಗು. ಹುಳ ನಾನು ನೋಡ್ಕೊತೀನಿ. ನಿನ್ನ ನೋಡ್ಕೊಳ್ಳೋಕೆ ನನ್ನ ಕೈಲಾಗಲ್ಲ" ಅಂದಳು. ಬಾಗಿಲವರೆಗೂ ಬರಲಿಲ್ಲ.

ಡಾಕ್ಟರ್ ಮುಂದೆ ನಿಂತು, "ಸಾರ್, ಅಕ್ಕ ಅಲ್ಲ. ನಾನು" ಅಂದೆ. ಅವರು ಅಪ್ಪಿಕೊಂಡು ಸಮಾಧಾನ ಮಾಡಲಿಲ್ಲ. ಸರಿಯಾಗಿ ಉಗಿದರು. "ಹೋದ ತಿಂಗಳು ಅರ್ಧ ಗಂಟೆ ನಾನು ಯಾರಿಗಪ್ಪ ಬುದ್ಧಿ ಹೇಳಿದ್ದು? ಇಲ್ಲದಿರೋ ರೋಗಿಗೆ ಫೈಲ್ ಮಾಡಿಸಿದ್ದೀಯ. ನಿನಗೆ ಫಿಟ್ಸ್ ಬಂದಿರೋದು ಇವತ್ತು ಹೇಳ್ತಿದ್ದೀಯ!" ಆಮೇಲೆ ನಾಡಿ ಹಿಡಿದು ನೋಡಿ, ವಾರ್ಡಿಗೆ ಸೇರಿಸಿಕೊಳ್ಳಿ ಅಂದರು. ಬೇರೆ ಮಾತ್ರೆ ಕೊಟ್ಟು ನಿಧಾನಕ್ಕೆ ಇಳಿಸುತ್ತಾರಂತೆ. "ಇದು ನಿನ್ನ ಕೆಟ್ಟತನ ಅಲ್ಲ, ಮೈಗೆ ಹತ್ತಿರೋ ರೋಗ. ಆದ್ರೆ ರೋಗಿ ಸುಳ್ಳು ಹೇಳಿದ್ರೆ ನಾನು ಕುರುಡ" ಅಂದರು.

ಆಗ ನಿನ್ನ ವಿಷಯ ಎತ್ತಿದೆ. ಅಕ್ಕನೂ ತಗೋತಾಳೆ, ಒಮ್ಮೆಲೇ ನಿಲ್ಲಿಸಿದ್ದಾಳೆ, ಒದ್ದಾಡುತ್ತಿದ್ದಾಳೆ ಅಂದೆ. ಡಾಕ್ಟರ್ ಮುಖ ನೋಡಬೇಕಿತ್ತು. "ಇದು ಎಷ್ಟನೇ ಕಥೆ?" ಅಂದರು. ಈ ಸಲ ನಿಜ ಸಾರ್ ಅಂತ ಕೈ ಮುಗಿದೆ. ಶಿವಾನಿ ಮೇಡಂ ಕೂಡ ನಂಬಲಿಲ್ಲ. ನಿನ್ನ ಬಗ್ಗೆ ನಾನು ಏನು ಹೇಳಿದರೂ ಇಲ್ಲಿ ಯಾರಿಗೂ ಬೇಕಾಗಿಲ್ಲ. ನೀನೇ ಬರಬೇಕು.

ನನ್ನನ್ನು ಹೊರಗೆ ಬಿಡುವುದಿಲ್ಲ. ಧನಶ್ರೀ ತಮ್ಮ ವೆಂಕಟ್ ಕೈಯಲ್ಲಿ ಈ ಪತ್ರ ಕಳಿಸಿದ್ದೇನೆ. ಅವನ ಆಟೋ ಹತ್ತಿ ಬಾ. ಬೈಯುವುದಿದ್ದರೆ ಇಲ್ಲಿಗೇ ಬಂದು ಬೈಯಿ.

ಕದಿರೇಶ


ಲಕ್ಕೂರು
25 ಜುಲೈ 2025

ಕದಿರೇಶ,

ವೆಂಕಟನಿಗೆ ಊಟ ಹಾಕಿ ಬರಿಗೈಲಿ ಕಳಿಸುತ್ತಿದ್ದೇನೆ. ಪಾಪ, ಅಷ್ಟು ದೂರ ಬಂದ.

ನೀನು ಸೇರಿಕೊಂಡಿದ್ದು ಒಳ್ಳೆಯದಾಯಿತು. ಹಿಂದಿನ ಪತ್ರವನ್ನೂ ಒಡೆದು ಓದಿದೆ. ಫಿಟ್ಸ್ ವಿಷಯವನ್ನು ಎರಡು ಸಲ ಓದಿದೆ. ಒಬ್ಬನೇ ಬಿದ್ದಿದ್ದೆಯಲ್ಲೋ.

ಆದರೆ ನನ್ನನ್ನು ನಿನ್ನ ಸಾಲಿಗೆ ಸೇರಿಸಬೇಡ. ನನಗೆ ಜ್ವರ ಬಿಟ್ಟಿದೆ. ಸೋಮವಾರದಿಂದಲೇ ಚೆನ್ನಾಗಿದ್ದೇನೆ, ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ. ನಾನು ತಗೊಂಡಿದ್ದು ಡಾಕ್ಟರ್ ಬರೆದ ಮಾತ್ರೆ, ನನ್ನ ಹೆಸರಿನ ಚೀಟಿ. ಕದ್ದು ನಾಲ್ಕೂರು ತಿರುಗಿದವನು ನೀನು. ಅಲ್ಲಿಗೆ ಬಂದು ಆ ಬೆಂಚಿನ ಮೇಲೆ ಕೂತರೆ ಹೆಡ್‌ಮಾಸ್ಟರ್ ಹೇಳಿದ್ದೇ ನಿಜವಾಗುತ್ತದೆ. ಆಮೇಲೆ ಅಡುಗೆಮನೆಗೆ ಯಾರು ಸೇರಿಸುತ್ತಾರೆ?

ಈ ಬೇಸಾಯ ನನಗೆ ಬೇಡ. ನೀನು ಹುಷಾರಾಗಿ ಬಾ.

ಅಕ್ಕ


ಕೋಲಾರ
29 ಜುಲೈ 2025

ಅಕ್ಕ,

ಒಂದೇ ಒಂದು ಮಾತು ಕೇಳುತ್ತೇನೆ. ಸೋಮವಾರ ಏನು ನುಂಗಿದ ಮೇಲೆ ನಿನಗೆ ಜ್ವರ ಬಿಟ್ಟಿತು?

ಕದಿರೇಶ


ಲಕ್ಕೂರು
6 ಆಗಸ್ಟ್ 2025

ಲೇ ಕದಿರೇಶ,

ನಿನ್ನ ಒಂದು ಸಾಲಿನ ಪತ್ರವನ್ನು ಮೂರು ಸಲ ಮಡಿಚಿ ಮೂರು ಸಲ ಬಿಚ್ಚಿದೆ. ಸಿಟ್ಟು ಬಂತು. ಇವನ ಸೊಕ್ಕು ನೋಡು, ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿ ಡಾಕ್ಟರಾಗಿಬಿಟ್ಟ ಅಂತ ಅಂಜಮ್ಮನ ಹತ್ತಿರ ಕೂಗಾಡಿದೆ.

ಆ ಸೋಮವಾರ ಮಾಲೂರಿಗೆ ಹೋಗಿದ್ದೆ. ಮೆಡಿಕಲ್ ಸ್ಟೋರಿನ ಶ್ರೀನಿವಾಸಪ್ಪ ಚೀಟಿ ಕೇಳುವವನಲ್ಲ, ನನ್ನ ಮುಖ ಕಂಡರೆ ಶೀಟು ತೆಗೆದಿಡುತ್ತಾನೆ. ಅಂಗಡಿಯ ಮೆಟ್ಟಿಲ ಮೇಲೇ ನಿಂತು ನೀರಿಲ್ಲದೆ ನುಂಗಿದೆ. ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ಬೆವರು ನಿಂತಿತು. ಬಸ್ಸು ಹತ್ತುವಾಗ ಹಸಿವಾಯಿತು. ಅರ್ಧ ಗಂಟೆಯಲ್ಲಿ ಬಿಡುವ ವೈರಲ್ ಜ್ವರ ಯಾವುದು ಕದಿರೇಶ? ಅವತ್ತೇ ಗೊತ್ತಾಯಿತು ನನಗೆ. ಗೊತ್ತಾಗಿಯೇ ವೆಂಕಟನನ್ನು ವಾಪಸು ಕಳಿಸಿದ್ದು.

ನಿನ್ನೆ ಮತ್ತೆ ಮಾಲೂರಿಗೆ ಹೋದೆ, ಈ ಸಲ ಡಾಕ್ಟರ್ ಹತ್ತಿರ. ಮೂರು ವರ್ಷದಿಂದ ಬರೆದುಕೊಡುತ್ತಿದ್ದೀರಲ್ಲ ಸ್ವಾಮಿ, ಇದು ಮೈಗೆ ಹತ್ತುತ್ತದೆ ಅಂತ ಒಂದು ಮಾತು ಹೇಳಬಾರದಿತ್ತಾ ಅಂತ ಕೇಳಿದೆ. "ನೀವು ಕೇಳಲಿಲ್ಲವಲ್ಲಮ್ಮ" ಅಂದರು. ಹೊರಗೆ ನಲವತ್ತು ಜನ ಕಾಯುತ್ತಿದ್ದರು, ಅವರ ಕಣ್ಣು ಬಾಗಿಲ ಮೇಲೇ ಇತ್ತು. "ದಿನಕ್ಕೆ ಎಷ್ಟು ತಗೋತಿದ್ದೀರಿ?" ಅಂದರು. "ಎರಡು" ಅಂದೆ. ಕಂಪ್ಯೂಟರಿನಲ್ಲಿ ಎರಡು ಅಂತ ಒತ್ತಿದರು. ಇನ್ನೊಂದು ಮಾತ್ರೆ ಸೇರಿಸಿ ಬರೆದು, ಮುಂದಿನವರು ಅಂದರು.

ಎದ್ದು ಬಂದು ಆಚೆ ಕಟ್ಟೆಯ ಮೇಲೆ ಕೂತೆ. ನನಗೆ ಅವರ ಮೇಲೆ ಬಂದ ಕೋಪಕ್ಕಿಂತ ನನ್ನ ಮೇಲೇ ಜಾಸ್ತಿ ಬಂತು. ನಿನಗೆ ಬಾಯಿ ಬಿಟ್ಟು ಹೇಳು, ಅದಕ್ಕೇನು ಶಾಸ್ತ್ರ ಓದಬೇಕಾ ಅಂದಿದ್ದೆನಲ್ಲ, ಆ ಬಾಯಿ ಎಲ್ಲಿ ಹೋಯಿತು? ನೀನು ಊರಿಗೆ ಕೇಳಿಸುವ ಹಾಗೆ ಕುಂಬಳಕಾಯಿ ಕಳ್ಳ ಅಂದೆ, ನಾನು ಹೆಗಲು ಮುಟ್ಟಿ ನೋಡಿಕೊಂಡೆ.

ಎರಡಲ್ಲ ಕಣೋ. ಆರು. ಬೆಳಿಗ್ಗೆ ಎದ್ದ ತಕ್ಷಣ ಎರಡು, ಅನ್ನದ ಪಾತ್ರೆ ಇಳಿಸುವ ಮುಂಚೆ ಎರಡು, ಮಲಗುವಾಗ ಎರಡು. ಒಂದೂವರೆ ವರ್ಷದಿಂದ. ನಿನ್ನ ಭಾವನಿಗೆ ಗೊತ್ತಿಲ್ಲ, ಅಂಜಮ್ಮನಿಗೆ ಗೊತ್ತಿಲ್ಲ. ಇದೇ ಮೊದಲು ಇನ್ನೊಬ್ಬರಿಗೆ ತಿಳಿಸುತ್ತಿರುವುದು, ಅದೂ ಬರೆದು. ಬಾಯಲ್ಲಿ ಇನ್ನೂ ಒಂದು ಸಲವೂ ಹೇಳಿಲ್ಲ.

ಸೋಮವಾರ ಬರುತ್ತೇನೆ. ವಾರ್ಡಿನವರನ್ನು ಕೇಳಿಕೊಂಡು ಎಂಟೂವರೆಗೆ ಆಸ್ಪತ್ರೆಯ ಗೇಟಿನ ಹತ್ತಿರ ನಿಂತಿರು. ಕೆಲಸ ಹೋದರೆ ಹೋಗಲಿ ಅನ್ನುವಷ್ಟು ಧೈರ್ಯ ನನಗಿಲ್ಲ, ಹೆದರಿಕೊಂಡೇ ಬರುತ್ತಿದ್ದೇನೆ. ಒಳಗೆ ನನ್ನ ಪಕ್ಕದಲ್ಲಿ ಕೂತುಕೋ. ಆದರೆ ನೀನು ತುಟಿ ಬಿಚ್ಚಬೇಡ. ನನ್ನ ವಿಷಯ ನೀನು ಹೇಳಿದ್ದು ಸಾಕು, ಇದೊಂದನ್ನು ನಾನೇ ಹೇಳುತ್ತೇನೆ.

ಅಕ್ಕ